ಮೀಸೆಗಳ್ಳಿ

“ಚಳಿಯನ್ನೇ ಕಾಣದ ಇಲಿಗೆ ಚಳಿ ಹತ್ತಿದ್ದು ಎಲ್ಲಿಂದ?”

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತಿದ್ದ ಸಂಶೋಧಕಿ ಕೇಳಿದ್ದು ಯಾರನ್ನೂ ಅಲ್ಲ. ಪ್ರಯೋಗಾಲಯದಲ್ಲಿ ಗುಂಯ್‌ಗುಡುವ ಫ್ರಿಜ್ಜು ಬಿಟ್ಟರೆ ಓಗೊಡಲು ಯಾರೂ ಇರಲಿಲ್ಲ. ಗಾಜಿನ ಪಟ್ಟಿಯ ಮೇಲಿದ್ದುದು ಏಳನೇ ಡಬ್ಬಿಯ ಮೂರನೇ ಇಲಿಯ ಕೊಬ್ಬು. ಆ ಇಲಿ ಬೆಳೆದದ್ದು ಶೀತಲ ಕೋಣೆಯಲ್ಲಲ್ಲ, ಸಾಧಾರಣ ಕೋಣೆಯಲ್ಲಿ. ಅದರ ಕೊಬ್ಬಿನ ಕೋಶಗಳು ಒಂದೊಂದು ದೊಡ್ಡ ಹನಿ ತುಂಬಿಕೊಂಡು, ಬೆಳ್ಳಗೆ, ಉಂಡು ಮಲಗಿದವರ ಹಾಗೆ ಬಿದ್ದಿರಬೇಕಿತ್ತು. ಇವು ನೋಡಿದರೆ ಹನಿಯನ್ನು ಚೂರುಚೂರಾಗಿ ಒಡೆದುಕೊಂಡು ಟೊಂಕ ಕಟ್ಟಿ ನಿಂತಿದ್ದವು. ಸೀಸೆಯಲ್ಲಿ ಉಳಿದ ತುಂಡಂತೂ ಹಾಲು ಕಡಿಮೆ ಬಿದ್ದ ಚಹಾದ ಬಣ್ಣ.

ಚಳಿಗೆ ಬಿಳಿ ಕೊಬ್ಬು ಕಂದು ಬಣ್ಣಕ್ಕೆ ತಿರುಗುತ್ತದೆ, ಚಳಿಯಿಲ್ಲದಿದ್ದರೆ ಇಲ್ಲ. ನಾಲ್ಕು ವರ್ಷದ ಅವಳ ಪ್ರಬಂಧ ನಿಂತಿದ್ದದ್ದು ಈ ಒಂದೇ ಮಾತಿನ ಮೇಲೆ. ಸೋಮವಾರ ಪರೀಕ್ಷಕರ ಮುಂದೆ ನಿಲ್ಲಬೇಕು. ಈ ಒಂದು ಇಲಿಗೆ ಕಾರಣ ತೋರಿಸಲಾಗದಿದ್ದರೆ ಎಲ್ಲವನ್ನೂ ಮೊದಲಿನಿಂದ ಮಾಡು ಎಂದು ಮಾರ್ಗದರ್ಶಿ ಬೆಳಗ್ಗೆಯೇ ಹೇಳಿಯಾಗಿತ್ತು.

ತೊಳೆದ ನೀರಿನ ಸೀಸೆಗಳ ಬುಟ್ಟಿ ಹೊತ್ತು ದೊಡ್ಡಪ್ಪ ಒಳಗೆ ಬಂದರು. ಇಲಿಮನೆ ನೋಡಿಕೊಳ್ಳುವ ಅವರು ಅಲ್ಲಿ ಎಲ್ಲರಿಗೂ ದೊಡ್ಡಪ್ಪನೇ.

“ದೊಡ್ಡಪ್ಪಾ, ಏಳನೇ ಡಬ್ಬಿಗೆ ಏನಾದ್ರೂ ಮಾಡಿದ್ರಾ?”

ಕುಂಬಳಕಾಯಿ ಕಳ್ಳ ಎಂದೊಡನೆ ಹೆಗಲು ಮುಟ್ಟಿಕೊಂಡವರ ಹಾಗಾಯಿತು ಅವರ ಮುಖ. “ನಾನೇನು ಮಾಡ್ಲಿ? ಕಾಳು ಹಾಕಿದೆ, ನೀರಿಟ್ಟೆ.” ಬುಟ್ಟಿ ಕೆಳಗಿಟ್ಟರು, ಮತ್ತೆ ಎತ್ತಿಕೊಂಡರು. “ಒಂದಿಷ್ಟು ಜಗಳ ಬಿಡಿಸಿದೆ, ಅಷ್ಟೇ.”

“ಯಾರ ಜಗಳ?”

“ಐದರಲ್ಲಿ ಎರಡು ಮೀಸೆಗಳ್ಳಿಯರು ಕಣಮ್ಮ. ಮೂರನೇದು, ನಾಲ್ಕನೇದು. ಮಲಗಿದವರ ಮೀಸೆನೆಲ್ಲ ಕಡಿದು ಬೋಳು ಮಾಡೋರು. ಒಂದೊಂದನ್ನ ಒಂದೊಂದು ಡಬ್ಬೀಲಿ ಬೇರೆ ಇಟ್ಟೆ. ಎರಡು ದಿನಕ್ಕೆ ತಾನೇ ಅಂತ ಏಳನೇ ನಂಬರಿನ ಚೀಟಿ ಬದಲಾಯಿಸ್ಲಿಲ್ಲ. ಎರಡು ದಿನ ಹೋಗಿ ವಾರಗಟ್ಟಲೆ ಆಯ್ತು.”

“ಒಂಟಿಯಾಗಿ ಮಲಗಿದ್ವಾ?”

“ಮತ್ತೆ? ಜೊತೆಗೆ ನಾನು ಹೋಗಿ ಮಲಗ್ಲಾ?”

ಅವಳಿಗೆ ನಗು ಬಂತು, ಮರುಗಳಿಗೆಗೆ ಮೈ ಜುಮ್ಮೆಂದಿತು. ಇಷ್ಟು ದಿನ ತಲೆಗೆ ಹೊಕ್ಕಿದ್ದ ಹುಳ ತಾನಾಗಿ ಹೊರಗೆ ಬಂದಿತ್ತು. “ನಮಗೆ ಹಿತವಾದ ಕೋಣೆ ಇಲಿಗೆ ಚಳೀನೇ, ದೊಡ್ಡಪ್ಪ. ಅದಕ್ಕೇ ಒಂದರ ಮೇಲೊಂದು ಬಿದ್ದು ಮುದ್ದೆಯಾಗಿ ಮಲಗೋದು. ಒರಗೋಕೆ ಇನ್ನೊಂದು ಮೈ ಇಲ್ಲ ಅಂದ್ರೆ ಒಳಗಿನ ಕೊಬ್ಬೇ ಉರಿದು ಕಾವು ಕೊಡಬೇಕು. ಉಗ್ರಾಣ ಆಗಿದ್ದ ಕೋಶ ಒಲೆ ಆಗಿಬಿಡುತ್ತೆ. ಬನ್ನಿ, ನೋಡಿ.”

ದೊಡ್ಡಪ್ಪ ಒಂದು ಕಣ್ಣು ಮುಚ್ಚಿ ಬಗ್ಗಿದರು. ಬಹಳ ಹೊತ್ತು ಏಳಲಿಲ್ಲ. “ಒಂಟಿ ಜೀವ ಇಷ್ಟೊಂದು ಒಲೆ ಹಚ್ಚಿಕೊಂಡಿತ್ತಾ!” ಎಂದರು. ಆಮೇಲೆ, ಕಥೆಯ ಮುಂದಿನ ಭಾಗಕ್ಕೆ ಕಾದ ಮಗುವಿನಂತೆ, “ಮತ್ತೆ ಜೊತೆ ಸಿಕ್ಕರೆ? ಒಲೆ ಆರಿ ಉಗ್ರಾಣ ಆಗುತ್ತಾ?”

“ಆಗುತ್ತೆ ಅಂತಾರೆ. ಅದೇ ಕೋಶ ತಿರುಗಿ ಬೆಳ್ಳಗಾಗುತ್ತಂತೆ. ನಾನು ಕಣ್ಣಾರೆ ನೋಡಿಲ್ಲ.”

“ಹಾಗಾದ್ರೆ ನಾಲ್ಕನೇದು ಬೆಳ್ಳಗಾಗಿರ್ಬೇಕು! ಅದು ಕಾಳು ಮೂಸೋದೂ ಬಿಟ್ಟಿತ್ತು. ಮನಸ್ಸು ತಡೀಲಿಲ್ಲ. ಹಳೇ ಡಬ್ಬಿಗೇ ಬಿಟ್ಟು ಮೂರು ವಾರ ಆಯ್ತು.”

“ಉಳಿದವುಗಳ ಮೀಸೆ?”

“ಮೀಸೆ ಬೆಳೆಯುತ್ತೆ ಬಿಡಮ್ಮ.”

ಇಬ್ಬರೂ ಇಲಿಮನೆಗೆ ಹೆಚ್ಚುಕಡಿಮೆ ಓಡಿದರು. ಕೊಯ್ಯಲು ಪ್ರತಿ ಡಬ್ಬಿಯಿಂದ ಒಂದೊಂದೇ ಇಲಿ ತೆಗೆಯುವುದು ಪದ್ಧತಿ. ಹಾಗಾಗಿ ಏಳನೆಯದರಲ್ಲಿ ನಾಲ್ಕು ಉಳಿದಿದ್ದವು. ಕಾಗದದ ಚೂರುಗಳ ಗೂಡಿನಲ್ಲಿ ಮೂರು ಬೋಳು ಮೂತಿಗಳು, ನಟ್ಟನಡುವೆ ತುಂಬು ಮೀಸೆಯದೊಂದು. ನಾಲ್ಕೂ ಒಂದೇ ಉಸಿರಿನಲ್ಲಿ ಏರಿ ಇಳಿಯುತ್ತಿದ್ದವು.

ಸಂಶೋಧಕಿಯ ಕಣ್ಣ ಮುಂದೆ ಎರಡು ಚಿತ್ರಗಳು ಅಕ್ಕಪಕ್ಕ ಬಂದು ನಿಂತವು. ಒಂಟಿಯಾಗಿದ್ದುದರ ಕಂದು, ಜೊತೆ ಸಿಕ್ಕಿದ್ದರ ಬಿಳಿ. ಪ್ರಬಂಧ ಉಳಿಯುವುದಷ್ಟೇ ಅಲ್ಲ, ಕೋಡು ಮೂಡುತ್ತಿತ್ತು ಅದಕ್ಕೆ.

“ನಾಲ್ಕನೇದನ್ನ ಕೊಡಿ, ದೊಡ್ಡಪ್ಪ. ಇವತ್ತೇ ಕೊಯ್ದು ನೋಡಿಬಿಡ್ತೀನಿ.”

ಅವರ ಸಹಿಯಿಲ್ಲದೆ ಆ ಮನೆಯಿಂದ ಒಂದು ಇಲಿಯೂ ಹೊರಗೆ ಹೋಗುವಂತಿರಲಿಲ್ಲ. ಇಷ್ಟು ವರ್ಷದಲ್ಲಿ ಅವರು ಯಾವ ಸಹಿಗೂ ತಡವರಿಸಿದವರಲ್ಲ. ಅಭ್ಯಾಸಬಲದಿಂದ ಪುಸ್ತಕ ತೆರೆದರು, ಪೆನ್ನಿನ ಮುಚ್ಚಳ ತೆಗೆದರು. ಗೂಡಿನ ಕಡೆ ನೋಡಿದರು. ಮುಚ್ಚಳ ಹಾಕಿ ಪೆನ್ನನ್ನು ಜೇಬಿಗೆ ಸೇರಿಸಿದರು.

“ಚೀಟಿ ಬದಲಾಯಿಸದ ತಪ್ಪು ನಂದು. ಬರೆದು ಕೊಡ್ತೀನಿ. ಸೋಮವಾರ ನಾನೇ ಬಂದು ಆ ದೊಡ್ಡವರ ಮುಂದೆ ಕೈಕಟ್ಟಿ ಹೇಳ್ತೀನಿ.”

“ಹೇಳಿದ್ರೆ ನಂಬಲ್ಲ ದೊಡ್ಡಪ್ಪಾ, ತೋರಿಸಬೇಕು! ನನ್ನ ನಾಲ್ಕು ವರ್ಷ ಇದು.”

“ಗೊತ್ತು ಮಗಳೇ. ಆದ್ರೆ ನನ್ನಿಂದಾಗಿ ಅದು ಅಷ್ಟು ದಿನ ನಡುಗಿದೆ. ಈಗಷ್ಟೇ ಬೆಚ್ಚಗಾಗಿದೆ.”

“ನೀವೇ ಅಲ್ವಾ ಕೇಳಿದ್ದು, ಬೆಳ್ಳಗಾಗುತ್ತಾ ಅಂತ? ನಿಮಗೆ ತಿಳ್ಕೋಬೇಕು ಅನ್ಸಲ್ವಾ?”

“ಅನ್ಸುತ್ತೆ. ಸಾಯೋ ತನಕ ಕಾಡುತ್ತೆ.” ದೊಡ್ಡಪ್ಪ ಡಬ್ಬಿಯ ಮುಚ್ಚಳವನ್ನು ಸದ್ದಾಗದಂತೆ ಕೂರಿಸಿದರು. “ಕಾಡ್ಲಿ. ಇದನ್ನ ಮಾತ್ರ ಕೊಡಲ್ಲ.”