ಬೆಣ್ಣೆಯ ಕೊರಗು

ಆರು ತಿಂಗಳಲ್ಲಿ ಮೂರನೆಯ ಸಲ ತನ್ನ ಮುದ್ದಿನ ಬೆಕ್ಕು ಬೆಣ್ಣೆಗೆ ಉರಿಮೂತ್ರ ಶುರುವಾದಾಗ ಭಾರ್ಗವಿಗೆ ಅಳುವೇ ಬಂತು. ಪಾಪದ ಪ್ರಾಣಿ ಮರಳಿನ ತಟ್ಟೆಯಲ್ಲಿ ಹತ್ತು ಸಲ ಕೂತೆದ್ದರೂ ಇಳಿಯುತ್ತಿದ್ದದ್ದು ಒಂದೆರಡು ಹನಿ, ಅದರಲ್ಲೂ ರಕ್ತ. ಆಫೀಸಿಗೆ ಹೊರಟಿದ್ದ ಗಂಡನನ್ನೂ ಎಳೆದುಕೊಂಡು ಅವಳು ಆಸ್ಪತ್ರೆಗೆ ಓಡಿದಳು.

"ಔಷಧಿ ಕೊಡ್ತೀನಿ. ಆದ್ರೆ ಹೀಗೆ ಮತ್ತೆ ಮತ್ತೆ ಬರ್ತಿದೆ ಅಂದ್ರೆ ಅದರ ಮನಸ್ಸಿಗೂ ಏನೋ ಕೊರಗಿರಬೇಕು," ಎಂದರು ಡಾಕ್ಟರಮ್ಮ. "ಮನೇಲಿ ಏನಾದ್ರೂ ಬದಲಾವಣೆ?"

ಭಾರ್ಗವಿ ಈ ಪ್ರಶ್ನೆಗೇ ಕಾದಿದ್ದವಳಂತೆ ಗಂಡನ ಕಡೆ ತಿರುಗಿದಳು. "ನಾನು ಹೇಳಿರ್ಲಿಲ್ವಾ? ಡಾಕ್ಟ್ರೇ, ನಮ್ಮತ್ತೆ ಬಂದಾಗಲೆಲ್ಲ ಹೀಗೇ. ನನಗೇ ತಲೆನೋವು ಬರುತ್ತೆ, ಇನ್ನು ಮೂಕಪ್ರಾಣಿ ಹೇಗೆ ತಡ್ಕೊಳ್ಳುತ್ತೆ!"

ಗಂಡ ಗೋಡೆಯ ಮೇಲಿದ್ದ ನಾಯಿಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಡಾಕ್ಟರಮ್ಮ ಬೆಣ್ಣೆಯ ಫೈಲು ತೆರೆದರು. "ದಸರಾಕ್ಕೆ ಬಂದಿದ್ರಾ?"

"ಹ್ಞೂಂ. ಹದಿನೈದು ದಿನ ಇದ್ದು, ಇಪ್ಪತ್ತನೇ ತಾರೀಕು ಹೋದ್ರು."

"ಬೆಣ್ಣೆ ಇಲ್ಲಿಗೆ ಬಂದಿದ್ದು ಇಪ್ಪತ್ತೆರಡಕ್ಕೆ. ಸಂಕ್ರಾಂತಿಗೆ?"

"ಹದಿನೆಂಟಕ್ಕೆ ಹೋದ್ರು."

"ಇದು ಬಂದಿದ್ದು ಇಪ್ಪತ್ತಕ್ಕೆ. ಈ ಸಲ?"

ಭಾರ್ಗವಿಯ ದನಿ ಇಳಿಯಿತು. "ಮೊನ್ನೆ ಬಸ್ ಹತ್ತಿಸಿ ಬಂದ್ವಿ."

ಸಂಜೆ ಬೆಣ್ಣೆ, ಅತ್ತೆ ಮಲಗುತ್ತಿದ್ದ ಮಂಚದ ಕೆಳಗೆ ಮುದುರಿಕೊಂಡಿತು. ಎಷ್ಟು ಕರೆದರೂ ಬರಲಿಲ್ಲ. ಭಾರ್ಗವಿ ಬಹಳ ಹೊತ್ತು ಅದನ್ನೇ ನೋಡುತ್ತ ಕೂತಿದ್ದು, ಮದುವೆಯಾದ ಒಂಬತ್ತು ವರ್ಷಗಳಲ್ಲಿ ಮೊದಲ ಸಲ ತಾನಾಗಿಯೇ ಅತ್ತೆಗೆ ಫೋನು ಮಾಡಿದಳು.

"ಅತ್ತೆ, ನಾಳೆನೇ ಹೊರಟು ಬನ್ನಿ. ಈ ಸಲ ಇಲ್ಲೇ ಇದ್ಬಿಡಿ."