ಮೊಣಕೈ ಹೋದ ಜಾಗ

ಬೇಸಿಗೆ ಕಾಲಿಟ್ಟ ಒಂದು ಮಧ್ಯಾಹ್ನ, ವರದಿ ಬರೆಯಲು ಕೂತ ಮಹಿಳಾ ಪೇದೆಯ ಪೆನ್ನು ಮುಂದಕ್ಕೇ ಹೋಗಲಿಲ್ಲ. ಬೆಳಿಗ್ಗೆ ಹಿರಿಯ ಪೇದೆ ಹಿಡಿದುಹಾಕುವಾಗ ಪ್ರಜ್ಞೆ ತಪ್ಪಿದ ಲಾರಿ ಚಾಲಕನಿಗೆ ಆಸ್ಪತ್ರೆಯಲ್ಲಿ ಇನ್ನೂ ಎಚ್ಚರವಿರಲಿಲ್ಲ. ವರದಿಯ ಕೆಳಗೆ ಸಹಿ ಹಾಕಬೇಕಾದವಳು ಅವಳು.

"ಭುಜ ಹಿಡಿದೆ ಅಂತ ಬರಿಯಮ್ಮ. ಪರೀಕ್ಷೆ ಬರೆಯೋರ ಹಾಗೆ ಬೆವರ್ತೀಯಲ್ಲ!" ಎಂದು ಹಿರಿಯ ನಕ್ಕ.

"ಹೇಗೆ ಹಿಡಿದ್ರಿ, ನನ್ನ ಮೇಲೇ ತೋರಿಸಿ ಅಣ್ಣಾ. ಕಂಡಿದ್ದನ್ನ ಬರೀತೀನಿ."

ಇಷ್ಟೇ ತಾನೆ ಎಂದು ಅವನು ಅವಳ ಬೆನ್ನ ಹಿಂದೆ ಬಂದು ನಿಂತ. ಎಷ್ಟೋ ವರ್ಷದ ರೂಢಿಯ ಕೈ ಭುಜದತ್ತ ಹೋಗಲೇ ಇಲ್ಲ. ಮೊಣಕೈ ನೇರವಾಗಿ ಅವಳ ಗದ್ದದ ಕೆಳಗೆ ಬಂದು ಕೂತಿತು. ಅವಳ ಉಸಿರು ಸಿಕ್ಕಿಕೊಂಡಿತು. ಅವನು ಬೆಂಕಿ ತಾಗಿದಂತೆ ಕೈ ತೆಗೆದು, ಆ ಕೈಯನ್ನೇ ನೋಡುತ್ತಾ ನಿಂತ.

"ಕತ್ತು ಅಂತಲೇ ಬರಿ ತಾಯಿ," ಎಂದ.

ಚಾಲಕನಿಗೆ ಎಚ್ಚರ ಬಂದ ಶುಕ್ರವಾರವೇ ಹಿರಿಯ ಬೆಲ್ಟು ಬಿಚ್ಚಿಟ್ಟು, ಕೆಲಸ ಬಿಟ್ಟು ಠಾಣೆಯಿಂದ ಹೊರಟುಹೋದ.