ಭೈರುವಿನ ಬೊಗಸೆ

ತೊಟ್ಟಿಲಿಗೆ ಬಗ್ಗಿದ ಸತ್ತೆವ್ವ ಕೂಸಿನ ಕಿವಿಯ ಹತ್ತಿರ ಬಾಯಿ ತಂದು, ತಮ್ಮನ ಕಡೆ ತಿರುಗಿದಳು. “ಲಗಮಣ್ಣಾ, ಹೇಳ್ಲ್ಯಾ ಮತ್ತ? ಭೈರು ಅಂತ?”

“ತಡಿಯಕ್ಕಾ. ಎಂಥಾವನ ಹೆಸರ ಅಂತ ಮೊದಲ ಎಲ್ಲಾರೂ ಕೇಳ್ರಿ.”

ಹುಕ್ಕೇರಿಯ ಹಾಸ್ಟೆಲಿನಲ್ಲಿದ್ದಾಗ ಅವನು ಮತ್ತೆ ಮತ್ತೆ ಓದಿದ್ದ ಮಕ್ಕಳ ಕಾದಂಬರಿಯೊಂದರ ನಾಯಕನ ಹೆಸರು ಅದು. ರಜೆಗೆ ತನ್ನೂರು ಘೋಡಗೇರಿಗೆ ಬಂದಾಗ ಅಕ್ಕನಿಗೂ ಆ ಕಥೆ ಹೇಳಿದ್ದ. ಕುದುರೆ ಕಾಯುವ ಹುಡುಗ ಭೈರು ಹುಲಿ ಹೊಡೆದು ರಾಜಕುಮಾರನ ಜೀವ ಉಳಿಸುತ್ತಾನೆ. ಕೊನೆಗೆ ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಾರೆ. ಈಗ ಲಗಮಣ್ಣ ಸಾಲಿ ಮಾಸ್ತರ. ಮಗನಿಗೆ ಅದೇ ಹೆಸರು ಎಂದು ಹಟ ಹಿಡಿದು, ನಿನ್ನೆ ಹಾಸ್ಟೆಲಿಗೆ ಹೋಗಿ ಆ ಪುಸ್ತಕವನ್ನೇ ಕೇಳಿ ತಂದಿದ್ದ.

ಕೊನೆಯ ಪುಟ ತೆಗೆದು ಗಟ್ಟಿಯಾಗಿ ಓದಿದ. “‘ಭಲೆ ಭೈರು!’ ಎಂದನು ರಾಜಕುಮಾರನು. ಭೈರುವು ಅಂಗಳದಲ್ಲಿ ನಿಂತು ಬೊಗಸೆ ಒಡ್ಡಿದನು. ರಾಜಕುಮಾರನು ಕಟ್ಟೆಯ ಮೇಲಿನಿಂದ, ತಂಬಿಗೆ ಸೋಂಕದಂತೆ, ನೀರು...”

ದನಿ ಅಲ್ಲಿಗೇ ನಿಂತಿತು.

ಬಾಜೂ ಮನಿಯ ಯಮನವ್ವ ನಕ್ಕಳು. “ಇದಕ್ಕ ಪುಸ್ತಕ ಯಾಕ ಬೇಕಿತ್ತೋ ಮಾಸ್ತರಾ? ನಮ್ಮೂರ ಬಾವಿಗೆ ಹೋದ್ರ ನಮಗ ದಿನಾ ಹಿಂಗಽ ಹೊಯ್ತಾರ.”

ಲಗಮಣ್ಣ ಪುಟಗಳನ್ನು ಹಿಂದಕ್ಕೆ ತಿರುವಿದ, ಮುಂದಕ್ಕೆ ತಿರುವಿದ. ಅದೇ ಪುಸ್ತಕ, ಅವನೇ ಚೆಲ್ಲಿದ್ದ ಮಸಿಯ ಕಲೆಯೂ ಇತ್ತು. ತಾಟು ಮಾತ್ರ ಎಲ್ಲೂ ಇರಲಿಲ್ಲ.

“ಬ್ಯಾರೆ ಹೆಸರ ಇಡ್ರಿ,” ಎಂದಳು ಹೆಂಡತಿ ಪದ್ಮವ್ವ. “ನನ್ನ ಮಗಾ ಹಂಗ ನಿಂದರೂದ ಬ್ಯಾಡ.”

ಸತ್ತೆವ್ವ ತೊಟ್ಟಿಲು ಬಿಟ್ಟು ಏಳಲಿಲ್ಲ. “ಒಂದ ತಾಟಿನ್ಯಾಗ ಉಂಡ್ರಂತ ನೀನಽ ಹೇಳಿದ್ದೆಲ್ಲೋ?”

“ಹೇಳಿದ್ದೆ.”

“ಪುಸ್ತಕದಾಗ ಇಲ್ಲಾ?”

“ಇಲ್ಲ. ಈ ನೀರಿನ ಸಾಲೂ ಆಗ ಓದಿರಬೇಕು. ಏನೂ ಅನಿಸಿದ್ದಿಲ್ಲ.”

“ಮತ್ತ ಆ ತಾಟು ಎಲ್ಲಿಂದ ಬಂತು?”

ಲಗಮಣ್ಣ ಮಸಿಯ ಕಲೆಯ ಮೇಲೆ ಬೆರಳಾಡಿಸಿದ.

“ಎಲ್ಲಿಂದರ ಬರ್ಲಿ. ನಾ ಕೇಳಿದ ಭೈರು ಉಂಡಾನ,” ಎಂದು ಸತ್ತೆವ್ವ ಕೂಸಿನ ಕಿವಿಗೆ ಬಗ್ಗಿದಳು. “ಕುರ್‍ರ್... ಭೈರು!” ಹೆಂಗಸರು ರೂಢಿಯಂತೆ ಅವಳ ಬೆನ್ನಿಗೆ ಗುದ್ದಿ ನಕ್ಕರು. ಕೂಸು ಬೆಚ್ಚಿ ಅಳತೊಡಗಿತು.

ಲಗಮಣ್ಣ ಪುಟವನ್ನು ಮತ್ತೊಮ್ಮೆ ನೋಡಿದ. ಅಲ್ಲಿ ಭೈರು ಇನ್ನೂ ಬೊಗಸೆ ಒಡ್ಡಿಕೊಂಡೇ ನಿಂತಿದ್ದ.